ಬಾಗಿಲಿಲ್ಲದ ಶಾಲೆ

ಅಣ್ಣನ ಮಗಳು ಈ ವರ್ಷ ಬೆಂಗಳೂರಲ್ಲಿ ಆರ್ಕಿಟೆಕ್ಚರ್ ಸೇರಿದ್ದಾಳೆ. ಮೊನ್ನೆ ಫೋನ್ ಮಾಡಿ, "ಚಿಕ್ಕಪ್ಪಾ, ಸಂಜೆ ಐದಕ್ಕೆಲ್ಲ ಸ್ಟುಡಿಯೊಗೆ ಬೀಗ ಹಾಕಿಬಿಡ್ತಾರೆ. ಮಾಡೆಲ್‌ಗಳನ್ನ ಪಿ.ಜಿ. ಮಂಚದ ಮೇಲೇ ಮಾಡ್ತಿದೀನಿ" ಅಂದಳು. ಸ್ಟುಡಿಯೊ ಅಂದರೆ ನಕ್ಷೆ ಬಿಡಿಸುವ, ಕಟ್ಟಡದ ಮಾದರಿ ಮಾಡುವ ಕೊಠಡಿ. ಅವತ್ತಿನಿಂದ ನನಗೆ ಸಮಾಧಾನವಿಲ್ಲ.

ನಾನು ಆರ್ಕಿಟೆಕ್ಚರ್ ಓದಿದ್ದು ಅಹಮದಾಬಾದಿನ ಸೆಪ್ಟ್ ಅನ್ನೋ ಸಂಸ್ಥೆಯಲ್ಲಿ. 2005ರಲ್ಲಿ ಅದು ವಿಶ್ವವಿದ್ಯಾಲಯವಾಯಿತು. ಮೂಲ ಮಾತ್ರ 1962ರಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿಯವರು ಶುರುಮಾಡಿದ ಸ್ಕೂಲ್ ಆಫ್ ಆರ್ಕಿಟೆಕ್ಚರ್. ಪ್ಯಾರಿಸ್ಸಿನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಹತ್ತಿರ ಕೆಲಸ ಮಾಡಿ ಬಂದಿದ್ದ ದೋಶಿ, ಶಾಲೆಯ ಕಟ್ಟಡವನ್ನೂ ತಾವೇ ವಿನ್ಯಾಸ ಮಾಡಿದರು. ಬರೀ ಇಟ್ಟಿಗೆ, ಕಾಂಕ್ರೀಟು, ಗೋಡೆಗೆ ಗಾರೆ ಮೆತ್ತಿಲ್ಲ. ಉತ್ತರದ ಬೆಳಕು ಇಳಿಜಾರು ಕಿಂಡಿಗಳಿಂದ ಡ್ರಾಯಿಂಗ್ ಬೋರ್ಡಿನ ಮೇಲೆ ಬೀಳುತ್ತಿತ್ತು. ಕೆಳಗೆ ಕಂಬ, ಗೋಡೆಗಳ ನಡುವೆ ಗಾಳಿಯಾಡುವ ತಂಪು ಜಾಗ. ಏಪ್ರಿಲ್ಲಿನ ಬಿಸಿಲಿಗೆ ಊರೇ ಬಾಡುತ್ತಿದ್ದರೂ ಅಲ್ಲಿ ಕೂತು ಹರಟಬಹುದಿತ್ತು.

ನಾನು ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದರೆ ಕಾಣುವ ನಕ್ಷೆ, ಬಿಡಿಸೋದು ಕಲಿತದ್ದು ತರಗತಿಯಲ್ಲಲ್ಲ. ನಮ್ಮ ಕೆಲಸವನ್ನು ಮೇಷ್ಟರುಗಳು ನೋಡಿ ವಿಮರ್ಶಿಸುವ ಜ್ಯೂರಿಯ ಹಿಂದಿನ ರಾತ್ರಿ, ಎರಡು ಗಂಟೆಗೆ, ಬೀಗವಿಲ್ಲದ ಸ್ಟುಡಿಯೊದಲ್ಲಿ, ಪಕ್ಕದಲ್ಲಿ ಹಾದುಹೋಗುತ್ತಿದ್ದ ನಾಲ್ಕನೇ ವರ್ಷದ ಅಕ್ಕ ಒಬ್ಬರು ನಿಂತರು. ನಾನು ನಕ್ಷೆ ಬಿಡಿಸುತ್ತಿದ್ದ ತೆಳು ಬಟರ್ ಪೇಪರಿನ ಮೇಲೆ ಪೆನ್ಸಿಲ್ ಇಟ್ಟು, "ಈ ಮೆಟ್ಟಿಲು ಹತ್ತಿದವನ ತಲೆ ತೊಲೆಗೆ ಬಡಿಯುತ್ತೆ, ನೋಡು" ಅಂದರು. ಹಿಂದಿಯಲ್ಲಿ ಅಂದಿದ್ದು, ನನ್ನ ಕಿವಿಯಲ್ಲಿ ಈಗಲೂ ಹಾಗೇ ಇದೆ. ಆಮೇಲೆ ಎಲ್ಲರೂ ಸೇರಿ ಕಿಟ್ಲಿಗೆ ಹೋಗಿ ಚಹಾ ಕುಡಿದು ಬಂದೆವು. ಅಲ್ಲಿ ಚಹಾದಂಗಡಿಗೆ ಹಾಗೇ ಅನ್ನೋದು.

ಬೇಸಗೆಯಲ್ಲಿ ಟೇಪು ಹಿಡಿದು ಹಳೇ ಊರಿನ ಪೋಳ್‌ಗಳ ಮನೆ ಅಳೆಯಲು ಹೋಗುತ್ತಿದ್ದೆವು. ಪೋಳ್ ಅಂದರೆ ಒಂದೇ ಹೆಬ್ಬಾಗಿಲಿನೊಳಗೆ ಒತ್ತೊತ್ತಾಗಿ ಇರುವ ಮನೆಗಳ ಕೇರಿ. ಒಂದು ಮನೆಯ ಅಂಗಳ ಅಳೆದು ಮುಗಿಸುವಷ್ಟರಲ್ಲಿ ಆ ಮನೆಯವರ ಊಟವೂ ಆಗಿರುತ್ತಿತ್ತು, ನಮ್ಮದೂ.

ದೋಶಿಯವರ ಕೆಲಸ ನೋಡಲು ಬೆಂಗಳೂರಿಗರು ಅಷ್ಟು ದೂರ ಹೋಗಬೇಕಿಲ್ಲ. ಬನ್ನೇರುಘಟ್ಟ ರಸ್ತೆಯ ಐಐಎಂ ಅವರದೇ. ಅಲ್ಲಿಯ ಕಲ್ಲಿನ ಮೊಗಸಾಲೆಗಳು ಅಷ್ಟು ಅಗಲ, ಅಷ್ಟು ಎತ್ತರ ಇರುವುದು ಬರೀ ನಡೆದಾಡಲಿಕ್ಕಲ್ಲ. ಮಕ್ಕಳು ನಿಂತು ಮಾತಾಡಲಿ ಅಂತ. 2018ರಲ್ಲಿ ಅವರಿಗೆ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರು ಕಟ್ಟಿ ತೋರಿಸಿದ್ದನ್ನು ನಮ್ಮ ಕಾಲೇಜುಗಳಲ್ಲಿ ಎಷ್ಟು ಜನ ಪಾಲಿಸುತ್ತಿದ್ದೇವೆ?

ಕಾಲೇಜು ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ರಾತ್ರಿ ಹತ್ತರವರೆಗಾದರೂ ಸ್ಟುಡಿಯೊ ತೆರೆದಿಡಿ. ಒಬ್ಬ ಕಾವಲುಗಾರ, ನಾಲ್ಕು ದೀಪ, ಹೆಣ್ಣುಮಕ್ಕಳಿಗೆ ವಾಪಸ್ ಹೋಗಲು ಒಂದು ವ್ಯಾನು ಸಾಕು. ಮೊದಲ ವರ್ಷದವರ ಪಕ್ಕದಲ್ಲೇ ನಾಲ್ಕನೇ ವರ್ಷದವರನ್ನೂ ಕೂರಿಸಿ.