ಕಪಾಟಿನಲ್ಲಿ ಮಾಗುತ್ತಿರುವ ವೇಪ್ ಜ್ಯೂಸ್

"ಹೊಸ ಜ್ಯೂಸ್ ಕೂಡಲೇ ಎಳೆಯಬಾರದು. ಎರಡು ವಾರ ಇಟ್ಟು ನೋಡಿ, ಟೇಸ್ಟೇ ಬೇರೆ." ಕಾಸರಗೋಡಿನ ಕುಂಬಳೆ, ಉಪ್ಪಳ ಕಡೆಯ ಹುಡುಗರ ಬಾಯಲ್ಲಿ ಈಗ ಈ ಮಾತು ಸಲೀಸಾಗಿ ಬರುತ್ತದೆ. ಜ್ಯೂಸ್ ಅಂದರೆ ವೇಪಿಗೆ, ಅಂದರೆ ಇ-ಸಿಗರೇಟಿಗೆ ಹಾಕಿ ಆವಿ ಮಾಡಿ ಎಳೆಯುವ ದ್ರವ. ಅದನ್ನು ಹೀಗೆ ಇಡುವುದಕ್ಕೆ ಸ್ಟೀಪಿಂಗ್ ಅನ್ನುತ್ತಾರೆ. ಬಾಟಲಿಯ ಮೇಲೆ ಪೆನ್ನಿನಲ್ಲಿ ತಾರೀಕು ಬರೆದು, ಪೇಪರ್ ಸುತ್ತಿ, ಕಪಾಟಿನಲ್ಲಿ ಬಟ್ಟೆಗಳ ಹಿಂದೆ ಇಡುವುದು. ದಿನಕ್ಕೊಮ್ಮೆ ತೆಗೆದು ಕುಲುಕುವುದು.

ಬಾಟಲಿ ಎಲ್ಲಿಂದ ಬರುತ್ತದೆ ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಯುಎಇಯಲ್ಲಿ 2019ರಿಂದ ವೇಪ್ ಮಾರಾಟಕ್ಕೆ ಅನುಮತಿ ಇದೆ. ಅದೇ 2019ರಲ್ಲಿ ನಮ್ಮ ದೇಶದಲ್ಲಿ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ, ಡಿಸೆಂಬರಿನಲ್ಲಿ ಕಾಯ್ದೆ ಬಂದು, ತಯಾರಿ, ಆಮದು, ಮಾರಾಟ, ದಾಸ್ತಾನು ಎಲ್ಲ ನಿಂತಿತು. ಆದರೆ ಮನೆಗೊಬ್ಬ ಗಲ್ಫಿನಲ್ಲಿರುವ ಊರು ನಮ್ಮದು. ರಜೆಗೆ ಬರುವ ಅಣ್ಣ ಖರ್ಜೂರ, ಸೆಂಟಿನ ಜೊತೆ ಇದನ್ನೂ ತರುತ್ತಾನೆ.

ನಾನು ಕನ್ನಡ ಮೀಡಿಯಂ ಮಕ್ಕಳಿಗೆ ಕೆಮಿಸ್ಟ್ರಿ ಕಲಿಸುವವನು. "ಸೇದಬೇಡಿ" ಅಂತ ಸುಮ್ನೆ ಹೇಳಿದರೆ ಈ ವಯಸ್ಸಿನವರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಕಾರಣ ಬೇಕು. ಅದಕ್ಕೇ ಬಾಟಲಿಯೊಳಗೆ ಏನಾಗುತ್ತದೆ ಅಂತ ಬರೆಯುತ್ತಿದ್ದೇನೆ. ಮೊದಲೇ ಒಪ್ಪಿಕೊಳ್ಳುತ್ತೇನೆ, ಹುಡುಗರು ಹೇಳುವುದರಲ್ಲಿ ಸುಳ್ಳಿಲ್ಲ. ಇಟ್ಟರೆ ರುಚಿ ಬದಲಾಗುತ್ತದೆ.

ಜ್ಯೂಸಿನಲ್ಲಿ ಇರುವುದು ಮುಖ್ಯವಾಗಿ ನಾಲ್ಕೇ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಫ್ಲೇವರ್. ಗ್ಲಿಸರಿನ್ ದಪ್ಪ. ಫ್ಲೇವರ್ ಅದರಲ್ಲಿ ಒಂದೇ ಸಮ ಹರಡಿಕೊಳ್ಳಲು ಹೊತ್ತು ಬೇಕು. ಹೊಸದಾಗಿ ಬೆರೆಸಿದ್ದಕ್ಕೆ ಸೆಂಟಿನಂಥ ಘಾಟು ಇರುತ್ತದೆ, ಗಂಟಲಿಗೆ ಚುಚ್ಚುತ್ತದೆ. ಕೆಲವು ಫ್ಲೇವರಿನಲ್ಲಿ ಆಲ್ಕೋಹಾಲ್ ಇರುತ್ತದೆ, ಮುಚ್ಚಳ ತೆಗೆದಿಟ್ಟರೆ ಅದು ಆರಿ ಹೋಗುತ್ತದೆ. ಹಣ್ಣಿನ ಫ್ಲೇವರ್ ಕೆಲವೇ ದಿನಗಳಲ್ಲಿ ಸರಿಯಾಗುತ್ತದೆ. ಕಸ್ಟರ್ಡ್, ವೆನಿಲ್ಲಾ, ತಂಬಾಕಿನ ರುಚಿಯವಕ್ಕೆ ಮೂರು ನಾಲ್ಕು ವಾರ ಬೇಕು ಅನ್ನುತ್ತಾರೆ. ಬಣ್ಣವೂ ತಿರುಗುತ್ತದೆ. ನೀರಿನಂತೆ ಇದ್ದದ್ದು ಮೊದಲು ತೆಳು ಹಳದಿ, ಆಮೇಲೆ ಜೇನಿನ ಬಣ್ಣ, ಇನ್ನೂ ಬಿಟ್ಟರೆ ಹಾಲಿಲ್ಲದ ಕಣ್ಣ ಚಹಾ. ನಿಕೋಟಿನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಕಂದಾಗುವುದು ಇದಕ್ಕೆ ದೊಡ್ಡ ಕಾರಣ. ವೆನಿಲ್ಲಾ ಇದ್ದರೆ ಬಣ್ಣ ಇನ್ನೂ ಬೇಗ ತಿರುಗುತ್ತದೆ.

ಇಲ್ಲಿಯವರೆಗೆ ಹುಡುಗರಿಗೂ ಗೊತ್ತು. ಇನ್ನು ಮುಂದಿನದ್ದನ್ನು ಯಾರೂ ಅವರಿಗೆ ಹೇಳುವುದಿಲ್ಲ.

ವೆನಿಲ್ಲಾದ ವೆನಿಲಿನ್, ಚೆರಿಯ ಬೆಂಜಾಲ್ಡಿಹೈಡ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ಇವೆಲ್ಲ ಆಲ್ಡಿಹೈಡ್‌ಗಳು. ಪ್ಲಸ್ ಟು ಓದಿದವರಿಗೆ ನೆನಪಿರಬಹುದು, ಆಲ್ಡಿಹೈಡ್ ಮತ್ತು ಆಲ್ಕೋಹಾಲ್ ಸೇರಿದರೆ ಅಸಿಟಾಲ್. ಪ್ರೊಪಿಲೀನ್ ಗ್ಲೈಕಾಲ್ ಕೂಡ ಒಂದು ಆಲ್ಕೋಹಾಲೇ. ಬಾಟಲಿ ಕಪಾಟಿನಲ್ಲಿ ಸುಮ್ಮನೆ ಕೂತಿರುವಾಗ ಇವೆರಡೂ ಸೇರಿ ಹೊಸ ವಸ್ತು ತಯಾರಾಗುತ್ತಿರುತ್ತದೆ. 2018ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅಳೆದು ತೋರಿಸಿದರು. ಈ ಅಸಿಟಾಲ್‌ಗಳು ಆವಿಯ ಜೊತೆಗೂ ಹೋಗುತ್ತವೆ. ಶ್ವಾಸನಾಳದಲ್ಲಿ ಉರಿಯನ್ನು ಗುರುತಿಸುವ ನರಗಳಿವೆಯಲ್ಲ, ಅವುಗಳ ಗ್ರಾಹಕಗಳನ್ನು (ರಿಸೆಪ್ಟರ್) ಮೂಲ ಫ್ಲೇವರಿಗಿಂತ ಇವು ಜಾಸ್ತಿ ಕೆರಳಿಸುತ್ತವೆ. ಲೇಬಲ್ಲಿನಲ್ಲಿ ಇವುಗಳ ಹೆಸರು ಇರುವುದಿಲ್ಲ. ಬಾಟಲಿ ತುಂಬಿಸುವಾಗ ಇವು ಅದರಲ್ಲಿ ಇರಲೇ ಇಲ್ಲ.

ಕಸ್ಟರ್ಡಿನ ಕತೆ ಇನ್ನೂ ಕೆಟ್ಟದು. ಬೆಣ್ಣೆಯ ರುಚಿಗೆ ಹಿಂದೆ ಡಯಾಸಿಟೈಲ್ ಹಾಕುತ್ತಿದ್ದರು. ಅಮೆರಿಕದ ಮಿಸೌರಿಯಲ್ಲಿ ಪಾಪ್‌ಕಾರ್ನ್ ಕಾರ್ಖಾನೆಯೊಂದರ ಕೆಲಸಗಾರರ ಸಣ್ಣ ಶ್ವಾಸನಾಳಗಳು ಗಾಯವಾಗಿ ಮುಚ್ಚಿಹೋದದ್ದು 2000ದಲ್ಲಿ ಬೆಳಕಿಗೆ ಬಂತು. ಡಯಾಸಿಟೈಲ್ ಆವಿಯನ್ನು ದಿನವಿಡೀ ಉಸಿರಾಡಿದವರು ಅವರು. ಆಮೇಲೆ ಹಲವು ಜ್ಯೂಸ್ ತಯಾರಕರು ಅದನ್ನು ಬಿಟ್ಟರು, ಬದಲಿಗೆ ಅಸಿಟಾಯಿನ್ ಬಂತು. ಆದರೆ ಇಟ್ಟ ಬಾಟಲಿಯಲ್ಲಿ ಅಸಿಟಾಯಿನ್ ನಿಧಾನಕ್ಕೆ ಡಯಾಸಿಟೈಲ್ ಆಗುತ್ತದೆ. ನಿಕೋಟಿನ್ ಇದ್ದರೆ ಇನ್ನೂ ಬೇಗ. "ಡಯಾಸಿಟೈಲ್ ಇಲ್ಲ" ಅಂತ ಬರೆದಿರುವ ಬಾಟಲಿಯೇ ತಿಂಗಳು ಕಳೆದ ಮೇಲೆ ಅದನ್ನು ತಾನೇ ಮಾಡಿಕೊಂಡಿರಬಹುದು. ಪಾಪ್‌ಕಾರ್ನ್ ಕಾರ್ಖಾನೆಯಷ್ಟು ಪ್ರಮಾಣ ಇದರಲ್ಲಿದೆ ಅಂತ ನಾನು ಹೇಳುತ್ತಿಲ್ಲ. ಜಾಸ್ತಿ ಹೊತ್ತು ಇಟ್ಟಷ್ಟು ಒಳ್ಳೆಯದು ಅನ್ನುವ ನಂಬಿಕೆ ತಪ್ಪು ಅಂತ ಹೇಳುತ್ತಿದ್ದೇನೆ.

"ಅಜ್ಜಿ ಮಿಡಿ ಉಪ್ಪಿನಕಾಯಿಯನ್ನು ಭರಣಿಯಲ್ಲಿ ಇಡುವುದಿಲ್ವಾ ಸರ್, ಇದೂ ಹಾಗೇ" ಅಂತ ಒಬ್ಬ ಹುಡುಗ ಹೇಳಿದ. ಬುದ್ಧಿವಂತ ಹುಡುಗ, ಮಾತಿಗೆ ನನಗೆ ಖುಷಿಯೇ ಆಯಿತು. ಆದರೆ ಉಪ್ಪಿನಕಾಯಿ ಹೋಗುವುದು ಹೊಟ್ಟೆಗೆ. ಅಲ್ಲಿ ಆಮ್ಲ ಇದೆ, ಕರುಳಿದೆ, ರಕ್ತ ಮೈಗೆಲ್ಲ ಹೋಗುವ ಮೊದಲು ಸೋಸಲು ಪಿತ್ತಜನಕಾಂಗ (ಲಿವರ್) ಕೂತಿದೆ. ಶ್ವಾಸಕೋಶಕ್ಕೆ ಆ ಕಾವಲಿಲ್ಲ. ಎಳೆದದ್ದು ನೇರ ರಕ್ತಕ್ಕೆ. ವಿಟಮಿನ್ ಇ ಅಸಿಟೇಟನ್ನೇ ನೋಡಿ. ಮಾತ್ರೆಯಲ್ಲಿ ನುಂಗುತ್ತಾರೆ, ಮುಖಕ್ಕೆ ಹಚ್ಚುವ ಕ್ರೀಮಿನಲ್ಲೂ ಇದೆ. 2019ರಲ್ಲಿ ಅಮೆರಿಕದಲ್ಲಿ ಗಾಂಜಾದ ವೇಪ್ ಎಣ್ಣೆಗೆ ಅದನ್ನು ಬೆರೆಸಿದರು. 2020ರ ಫೆಬ್ರವರಿ ಹೊತ್ತಿಗೆ ಎಣಿಸಿದಾಗ 2,807 ಮಂದಿ ಆಸ್ಪತ್ರೆ ಸೇರಿದ್ದರು ಅಥವಾ ತೀರಿಹೋಗಿದ್ದರು. ಸತ್ತವರು 68. ಅದು ಹೆಚ್ಚಾಗಿ ಸಾಮಾನ್ಯ ನಿಕೋಟಿನ್ ಜ್ಯೂಸಿನಿಂದ ಆದದ್ದಲ್ಲ, ಅದನ್ನೂ ಹೇಳಲೇಬೇಕು. ಆದರೆ ತಿನ್ನಬಹುದಾದದ್ದನ್ನೆಲ್ಲ ಉಸಿರಾಡಬಹುದು ಅನ್ನುವವರಿಗೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ನಮ್ಮ ಜಿಲ್ಲೆಯವರಿಗಂತೂ ಬೇಡವೇ ಬೇಡ. ಎಣ್ಮಕಜೆ, ಪಡ್ರೆ, ಸ್ವರ್ಗದ ಜನರನ್ನು ಕೇಳಿ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ. ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಲು 2011 ಬರಬೇಕಾಯಿತು. ಅಷ್ಟರೊಳಗೆ ಹುಟ್ಟಿದ ಮಕ್ಕಳ ಮನೆಗಳನ್ನು ನಾವು ನೋಡಿದ್ದೇವೆ. ಅದೂ ಇದೂ ಒಂದೇ ಅಲ್ಲ. ಆದರೆ ಗಾಳಿಯಲ್ಲಿ ಬರುವುದಕ್ಕೆ "ಏನೂ ಆಗುವುದಿಲ್ಲ" ಅಂತ ಯಾರಾದರೂ ಅಂದಾಗ, ಕಾಸರಗೋಡಿನವರು ಉಳಿದವರಿಗಿಂತ ಮೊದಲು ಪ್ರಶ್ನೆ ಕೇಳಬೇಕು.

ನನಗೆ ತುಂಬ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಮೊದಲ ಸಲ ಎಳೆದಾಗ ಗಂಟಲು ಚುಚ್ಚುತ್ತದಲ್ಲ, ಕೆಮ್ಮು ಬರುತ್ತದಲ್ಲ, ಅದು ದೇಹ ಬೇಡ ಅನ್ನುವುದು. ಸ್ಟೀಪಿಂಗ್ ಮಾಡಿದರೆ ಆ ಚುಚ್ಚು ಕಡಿಮೆಯಾಗುತ್ತದೆ. ನಿಕೋಟಿನ್ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ. ಮೂವತ್ತು ವರ್ಷ ಬೀಡಿ ಸೇದಿದವರು ವೇಪಿಗೆ ಬದಲಾದರೆ ಟಾರ್, ಕಾರ್ಬನ್ ಮೊನಾಕ್ಸೈಡ್ ತಪ್ಪುತ್ತದೆ ಅನ್ನುವ ವಾದ ನನಗೆ ಅರ್ಥವಾಗುತ್ತದೆ. ಬ್ರಿಟನ್ನಿನಲ್ಲಿ ಸಿಗರೇಟು ಬಿಡಿಸಲು ಇದನ್ನು ಬಳಸುತ್ತಾರೆ. ನಮ್ಮ ಹುಡುಗರು ಬೀಡಿ ಬಿಡಲು ಬಂದವರಲ್ಲ, ಬೀಡಿ ಮುಟ್ಟಿಯೇ ಇಲ್ಲ. ಮಾವಿನಹಣ್ಣು, ಕಸ್ಟರ್ಡಿನ ರುಚಿಗೆ ಬಂದು ನಿಕೋಟಿನ್ನಿಗೆ ಸಿಕ್ಕಿಬೀಳುವವರು.

ಮನೆಯ ಹೆಂಗಸರಿಗೂ ಒಂದು ಮಾತು. ತಿಂಗಳುಗಟ್ಟಲೆ ಇಡುವ ಬಾಟಲಿ ಅಂದರೆ ತಿಂಗಳುಗಟ್ಟಲೆ ಮನೆಯಲ್ಲೇ ಇರುವ ವಿಷ. ಹಣ್ಣಿನ ವಾಸನೆ ಇದೆ, ಸಣ್ಣ ಮಕ್ಕಳು ಬಾಯಿಗಿಡುತ್ತಾರೆ. ಸ್ವಂತ ಬೆರೆಸುವವರು ತರುವ ಗಟ್ಟಿ ನಿಕೋಟಿನ್ ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವುದುಂಟು. ಅದು ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಕೈಗೆ ಚೆಲ್ಲಿದರೆ ಕೂಡಲೇ ಸೋಪು ಹಾಕಿ ತೊಳೆಯಿರಿ. ಮಗು ಬಾಯಿಗೆ ಹಾಕಿದ್ದರೆ ವಾಂತಿ ಮಾಡಿಸುತ್ತಾ ಕೂರಬೇಡಿ, ಬಾಟಲಿ ಹಿಡಿದುಕೊಂಡು ಆಸ್ಪತ್ರೆಗೆ ಓಡಿ.

ಗಲ್ಫಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ತುಂಬ ಜನ ಇದನ್ನು ಓದುತ್ತೀರಿ. ತಮ್ಮನಿಗೆ ಶೂ ತನ್ನಿ, ಫೋನ್ ತನ್ನಿ. ಇದನ್ನು ತರಬೇಡಿ. ಕೈಯಲ್ಲಿ ಬಾಟಲಿ ಇದ್ದು ಬಿಡಲು ಆಗದೆ ಒದ್ದಾಡುತ್ತಿರುವವರಿಗೆ 1800-11-2356 ಅನ್ನುವ ಸರಕಾರದ ಉಚಿತ ನಂಬರಿದೆ, ತಂಬಾಕು ಬಿಡಲು ಸಹಾಯ ಮಾಡುತ್ತಾರೆ. ಅಲ್ಲಿಗೆ ಫೋನ್ ಮಾಡಲು ನಾಚಿಕೆಯಾದರೆ ನನಗೆ ಇನ್‌ಬಾಕ್ಸಿಗೆ ಬನ್ನಿ. ನಿಮ್ಮ ಮನೆಯವರಿಗೆ ನಾನು ಹೇಳುವುದಿಲ್ಲ.