ಉಪ್ಪಿಲ್ಲದ ಕಡಲು

ಕಾರವಾರದ ಕಡಲನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ವೇಗವರ್ಧಕ ಸಿಕ್ಕೇಬಿಟ್ಟಿತು ಎಂದು ಫ್ಲೆಕ್ಸು ಎದ್ದಿದೆ. ಸಿಕ್ಕಿದ್ದು ಹೌದು, ಕಂಪ್ಯೂಟರಿನೊಳಗೆ. ಅಲ್ಲಿನ ಕಡಲಿಗೆ ಉಪ್ಪಿಲ್ಲ. ನೀರೂ ಇಲ್ಲ.

ಮಾಡುವ ಬಗೆ ಹೀಗೆ: ಲೋಹದ ಪರಮಾಣುಗಳನ್ನು ನಾಲ್ಕು ಪದರ ಜೋಡಿಸಿ, ಅಡಿಯ ಎರಡನ್ನು ಅಲುಗದಂತೆ ಕಟ್ಟಿಹಾಕಿ. ಮೇಲೆ 15 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ಖಾಲಿ ಬಿಡಿ. ಅದೇ ಅರಬ್ಬೀ ಸಮುದ್ರ. ಒಂದು ಹೈಡ್ರೋಜನ್ ಕೂರಿಸಿ, ಎಲೆಕ್ಟ್ರಾನ್‌ಗಳ ಸಾಂದ್ರತೆಯಿಂದ ಶಕ್ತಿ ಅಂದಾಜಿಸುವ ಡಿಎಫ್‌ಟಿ ಲೆಕ್ಕ ಓಡಿಸಿ. ಬಂದ ಅಂಟುಶಕ್ತಿಗೆ ತಿದ್ದುಪಡಿಯೆಂದು 0.24 ಎಲೆಕ್ಟ್ರಾನ್‌ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಸೇರಿಸಿ. ಯಾವ ಲೋಹವಾದರೂ ಅದೇ ಒಗ್ಗರಣೆ. ಮೊತ್ತ ಸೊನ್ನೆಯ ಹತ್ತಿರ ಬಂತೋ, ಅಂಟಿಗೆ ತಕ್ಕಂತೆ ಕ್ರಿಯೆಯ ವೇಗ ಏರಿ ಇಳಿಯುವುದನ್ನು ತೋರಿಸುವ ‘ಜ್ವಾಲಾಮುಖಿ’ ನಕ್ಷೆಯ ತುದಿ ಏರಿದಿರಿ. ಅಂಟು ಹಲಸಿನ ಮೇಣದಂತಾದರೆ ಹೈಡ್ರೋಜನ್ ಬಿಟ್ಟು ಹೋಗದು, ತೀರಾ ಕಮ್ಮಿಯಾದರೆ ಕೂರಲೇ ಕೂರದು.

ವಿದ್ಯೆ ಸುಳ್ಳಲ್ಲ, ಅದನ್ನು ಒಪ್ಪಲೇಬೇಕು. ಮಾಲಿಬ್ಡಿನಂ ಸಲ್ಫೈಡಿನ ಅಂಚು ಕೆಲಸ ಮಾಡೀತೆಂದು 2005ರಲ್ಲಿ ಇದೇ ಲೆಕ್ಕ ಹೇಳಿತ್ತು, ಪ್ರಯೋಗದಲ್ಲೂ ಹಾಗೇ ಆಯಿತು. ಆದರೆ ಡಿಎಫ್‌ಟಿ 0.2 ಎಲೆಕ್ಟ್ರಾನ್‌ವೋಲ್ಟ್ ತಪ್ಪುವುದು ಮಾಮೂಲು. ಕ್ರಿಯೆ ದಾಟಬೇಕಾದ ಶಕ್ತಿಯ ತಡೆಯಲ್ಲಿ ಅಷ್ಟು ತಪ್ಪಿದರೆ ಕೋಣೆಯ ಉಷ್ಣಾಂಶದಲ್ಲಿ ವೇಗ 2,000 ಪಟ್ಟಿಗೂ ಮಿಕ್ಕಿ ಆಚೀಚೆ. ಫ್ಲೆಕ್ಸಿನಲ್ಲಿ ಮಾತ್ರ ದಶಾಂಶದ ನಂತರ ಮೂರು ಅಂಕಿ!

ಕಾರವಾರದ ಬೈತಖೋಲ್ ಬಂದರಿನ ನೀರು ಈ ಅಂಕಿ ಓದಿಲ್ಲ. ಅದರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಧನಧ್ರುವವಾದ ಆನೋಡಿನಲ್ಲಿ ಆಮ್ಲಜನಕ ಹೊರಡಲು ನಾಲ್ಕು ಎಲೆಕ್ಟ್ರಾನ್ ಕಳಚಬೇಕು, ಕ್ಲೋರಿನ್‌ಗೆ ಎರಡೇ ಸಾಕು. ಹಾಗಾಗಿ ಕ್ಲೋರಿನ್ ಸರದಿ ಮುರಿದು ನುಗ್ಗುತ್ತದೆ. ಹೈಡ್ರೋಜನ್ ಹೊರಡುವ ಋಣಧ್ರುವ ಕ್ಯಾಥೋಡಿನ ಸುತ್ತ ನೀರು ಕ್ಷಾರವಾಗಿ, ಮೆಗ್ನೀಸಿಯಂ ಹೈಡ್ರಾಕ್ಸೈಡ್ ಸುಣ್ಣ ಬಳಿದ ಹಾಗೆ ಕೂರುತ್ತದೆ. ಜ್ವಾಲಾಮುಖಿಯ ತುದಿ ಅದರಡಿಯಲ್ಲಿ ಸಮಾಧಿ. ಬೋಟಿನ ಕಬ್ಬಿಣ ತಿಂದ ಉಪ್ಪಿನ ಕ್ಲೋರೈಡೇ ನಿಕ್ಕಲ್ ವಿದ್ಯುದ್ವಾರಕ್ಕೂ ತೂತು ಕೊರೆಯುತ್ತದೆ.

“ಉಪ್ಪಿಗೆ ಏನು ಮಾಡ್ತೀರಿ ಸಾರ್?” ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರೆ, “ಅದು ಮುಂದಿನ ಹಂತ” ಎಂಬ ಉತ್ತರ ಸಿದ್ಧ. ಆ ಹಂತಕ್ಕೆ ಇನ್ನೊಂದು ಅನುದಾನ, ಇನ್ನೊಂದು ಫ್ಲೆಕ್ಸು.

ಪ್ರಾತ್ಯಕ್ಷಿಕೆಯೂ ಉಂಟು. ಸಾಹೇಬರು ಸ್ವಿಚ್ಚು ಒತ್ತುತ್ತಾರೆ, ಗಾಜಿನ ಜಾಡಿಯಲ್ಲಿ ಗುಳ್ಳೆ ಏಳುತ್ತದೆ, ಚಪ್ಪಾಳೆ. ಜಾಡಿಯಲ್ಲಿ ಇಳಿಬಿಟ್ಟಿರುವುದು ಅದೇ ಹಳೆಯ ಪ್ಲಾಟಿನಂ ತಂತಿ. ತುಂಬಿರುವುದು ಲೀಟರಿಗೆ 56 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕದಡಿದ, ಬಟ್ಟಿ ಇಳಿಸಿದ ನೀರು. ಆ ನೀರಿನ ಕ್ಯಾನು ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು, ಕಡಲಿನ ಎದುರಿಗೇ ಬಂದು ನಿಂತಿದೆ.