ಸರಸ್ವತಿಯನ್ನು ಜಗಿಯಬಹುದೇ?

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಲೈಬ್ರರಿಯೊಂದರ ಮಕ್ಕಳ ಮೂಲೆ. ಎಂಟು ತಿಂಗಳ ಮಗು ರಟ್ಟಿನ ಪುಸ್ತಕದ ಅಂಚನ್ನು ಜಗಿಯುತ್ತಿತ್ತು. ಹಾಸನದಿಂದ ಬಂದಿದ್ದ ಅಜ್ಜಿ "ಅಯ್ಯೋ, ಸರಸ್ವತಿ ಕಣಪ್ಪಾ ಅದು" ಎಂದು ಕಿತ್ತುಕೊಂಡು, ಕಣ್ಣಿಗೊತ್ತಿಕೊಂಡು, ಮೇಲಿನ ಕಪಾಟಿನಲ್ಲಿಟ್ಟರು. ಲೈಬ್ರರಿಯಾಕೆ ನಗುತ್ತಲೇ ಅದನ್ನು ಇಳಿಸಿ, ಒರೆಸಿ, ಮತ್ತೆ ಮಗುವಿನ ಕೈಗಿಟ್ಟಳು. ಅಜ್ಜಿಯ ಮುಖ ನೋಡಬೇಕಿತ್ತು!

ಹಸುಗೂಸುಗಳಿಗೆ ಪುಸ್ತಕ ಹಂಚುವ ಬುಕ್‌ಸ್ಟಾರ್ಟ್ 1992ರಲ್ಲಿ 300 ಮಕ್ಕಳೊಂದಿಗೆ ಶುರುವಾದದ್ದು ಇದೇ ಊರಲ್ಲಿ. ನಮ್ಮಲ್ಲಿ ಪುಸ್ತಕಕ್ಕೆ ಅರಿಶಿನ ಕುಂಕುಮವಿದೆ, ಗಾಜಿನ ಬೀರುವಿದೆ, ಬೀರುವಿಗೆ ಬೀಗವೂ ಇದೆ. ಮಗುವಿನ ಕೈಗೆ ಅದು ಬರುವುದು ಸ್ಲೇಟು ಬಳಪದ ಜೊತೆಗೇ, ತಿದ್ದುವುದಕ್ಕೆ.

ಹಸುಗೂಸಿನ ಜೊತೆ ಪುಸ್ತಕ ನೋಡುವುದು ಸುಲಭದ ಕೆಲಸ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ, ಇಬ್ಬರ ಕಣ್ಣೂ ಒಂದೇ ಪುಟದ ಮೇಲಿರಲಿ. ಹತ್ತು ನಿಮಿಷ ಸಾಕು. ಹುಟ್ಟಿದ ಹೊಸತರಲ್ಲಿ 20–30 ಸೆಂಟಿಮೀಟರ್ ದೂರದ್ದಷ್ಟೇ ಚೆನ್ನಾಗಿ ಕಾಣುವುದು. ಆಗ ದಪ್ಪ ಗೆರೆಯ ಕಪ್ಪು ಬಿಳುಪು ಚಿತ್ರ ಸಾಕು. ವರ್ಷ ತುಂಬಿದ ಮೇಲೆ ಚಿತ್ರದ ಮೇಲೆ ಬೆರಳಿಟ್ಟು ಒಂದು ಮಾತು ಕೇಳಿ, ಮನಸ್ಸಲ್ಲೇ ಐದು ಎಣಿಸಿ. ಮಗು "ಬೌ ಬೌ" ಎಂದರೆ "ಹೂಂ, ಬೌ ಬೌ. ಕರೀ ನಾಯಿ. ಜಗಲಿ ಮೇಲೆ ಮಲಗಿದೆ" ಎಂದು ಅದರ ಮಾತಿಗೆ ಎರಡು ಮಾತು ಸೇರಿಸಿ. ಎಷ್ಟೋ ಸಲ ಕೇಳಿದ ಮೇಲೆ ಒಂದು ದಿನ "ಕರೀ ನಾಯಿ" ತಾನಾಗಿ ಬರುತ್ತದೆ.

ನಮ್ಮವರು ಎಡವುವುದು ಆ ಐದರ ಎಣಿಕೆಯಲ್ಲಿ. "ಇದೇನು? ಹೇಳು ಹೇಳು. ಆನೆ ಅನ್ನು ಪುಟ್ಟ, ಅಂಕಲ್‌ಗೆ ಹೇಳು." ಎರಡು ಸೆಕೆಂಡಿಗೆ ಉತ್ತರವನ್ನೂ ನಾವೇ ಕೊಟ್ಟುಬಿಡುತ್ತೇವೆ. ಮಾತನ್ನು ಹುಡುಕಿ ನಾಲಗೆಗೆ ತರಲು ಮಗುವಿಗೆ ಹೊತ್ತು ಬೇಕು; ಅದು ಸಿಗದಿದ್ದರೆ ಪುಸ್ತಕವೂ ಪರೀಕ್ಷೆಯೇ, ಮಗು ಎದ್ದು ಹೋಗುತ್ತದೆ. ಮೂರು ಪುಟ ಒಟ್ಟಿಗೆ ಮಗುಚಿದರೆ ಮಗುಚಲಿ. ಅದೇ ಪುಸ್ತಕ ಇಪ್ಪತ್ತನೇ ಸಲ ಬೇಕೆಂದರೆ ಕೊಡಿ. ಮುಂದಿನ ಪುಟದಲ್ಲಿ ಏನಿದೆಯೆಂದು ಮೊದಲೇ ಊಹಿಸಿ ಗೆಲ್ಲುವಾಗಲೇ ಅದರ ನೆನಪಿನ ಕಸರತ್ತು ನಡೆಯುವುದು.

ಇನ್ನು ನಮ್ಮ ಪೆನ್ಸಿಲ್ ಹುಚ್ಚು. ಮೂರೂವರೆ ವರ್ಷದ ಎಳೆ ಬೆರಳಿಗೆ "ಅ" ಬರೆಯಲು ಎಷ್ಟು ಸುತ್ತು! ಮೊದಲು ಪಳಗಬೇಕಾದದ್ದು ಕಿವಿ. ಬಾ-ಳೆ-ಹಣ್-ಣು ಎಂದು ನಾಲ್ಕು ಚಪ್ಪಾಳೆ ತಟ್ಟಿಸಿ. ಮುಂದೆ ಒತ್ತಕ್ಷರದಲ್ಲಿ ಮಕ್ಕಳು ಮುಗ್ಗರಿಸುವ ಕಾರಣವೂ ಇಲ್ಲೇ ಇದೆ: ಬಾಯಿ "ಹಣ್-ಣು" ಎನ್ನುತ್ತದೆ, ಬರಹ "ಹ-ಣ್ಣು" ಎಂದು ಒಡೆಯುತ್ತದೆ. ಚಪ್ಪಾಳೆಯಲ್ಲಿ ಪಳಗಿದ ಕಿವಿಗೆ ಈ ತೊಡಕು ಬಿಡಿಸಿಕೊಳ್ಳುವುದು ಅಷ್ಟು ಕಷ್ಟವಲ್ಲ.

ಇಷ್ಟೆಲ್ಲ ಬೈದ ಮೇಲೆ ಒಂದೆರಡು ಮಾತು ನುಂಗಿಕೊಳ್ಳಬೇಕು. ನಮ್ಮ ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ನಲಿಕಲಿ ಪಾಠ "ಅ ಆ"ದಿಂದ ಶುರುವಾಗುವುದಿಲ್ಲ. ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ಅರಸ, ದಸರ, ಗರಗಸ ಎಲ್ಲ ಓದಬಹುದು. "ಅ ಆ ಇ ಈ" ಎಂದು ಹಟ ಹಿಡಿಯುವವರು ಮನೆಯವರೇ. ಮತ್ತೆ, ಇಲ್ಲಿ ಇಂಗ್ಲೆಂಡಿನ ಲೈಬ್ರರಿಗಳಲ್ಲಿ ಕನ್ನಡದ ರಟ್ಟಿನ ಪುಸ್ತಕ ಸಿಗುವುದು ಅಪರೂಪ. ಇಂಗ್ಲಿಷ್ ಪುಸ್ತಕವನ್ನೇ ಹಿಡಿದು ಕನ್ನಡದಲ್ಲಿ ಮಾತಾಡಬೇಕು. ಚಿತ್ರಕ್ಕೇನು ಭಾಷೆಯ ಹಂಗು?

ಆ ಅಜ್ಜಿ ಅದನ್ನೇ ಮಾಡಿದರು. ಸ್ವಲ್ಪ ಹೊತ್ತು ಮುನಿಸಿಕೊಂಡಿದ್ದವರು, ಪುಟದಲ್ಲೊಂದು ಹಕ್ಕಿ ಕಂಡಿದ್ದೇ ಕಾಗಕ್ಕ ಗುಬ್ಬಕ್ಕನ ಕಥೆ ತೆಗೆದರು. "ಗುಬ್ಬಕ್ಕಾ ಗುಬ್ಬಕ್ಕಾ, ಬಾಗಿಲು ತೆಗಿ" ಎಂದು ನಿಲ್ಲಿಸಿ, "ಹೂಂ ಅನ್ಬೇಕಪ್ಪ, ಇಲ್ದಿದ್ರೆ ಕಥೆ ಮುಂದಕ್ಕೆ ಹೋಗಲ್ಲ" ಎಂದು ಕಾದರು. ಹತ್ತು ಎಣಿಸುವಷ್ಟು ಹೊತ್ತು. ಮಗು ಜೊಲ್ಲು ಸುರಿಸುತ್ತ "ಊಂ" ಎಂದಿತು.